ಹಳೇ ಸೀರೆಗೂ ಬೆಲೆ ಬಂತು

ಹಂಪಿ ಬಜಾರಿನಲ್ಲಿ ತೂಗುಬಿಟ್ಟ ತುಂಡುಬಟ್ಟೆಯ ಹೊದಿಕೆಗಳನ್ನು ಕಂಡರೆ ನನ್ನ ಕೈ ಮೊದಲು ಹೋಗುವುದು ಅವುಗಳ ಹಿಂಬದಿಗೆ. ಮುಂದೆ ಕನ್ನಡಿ, ಕವಡೆ ಏನೇ ಇರಲಿ, ಹಿಂದೆ ದಾರ ಅಳತೆ ತಪ್ಪದೆ ಒಂದೇ ಸಮ ಓಡಿದ್ದರೆ ಅದು ಮಷೀನಿನ ಕೆಲಸ. ಕೈಹೊಲಿಗೆಯಾದರೆ ಗೇಣುದ್ದದೊಳಗೇ ಎಲ್ಲೋ ಒಂದು ಹೊಲಿಗೆ ಉದ್ದವಾಗಿರುತ್ತದೆ. ಹೊಲಿಯುವಾಕೆ ಯಾರನ್ನೋ ಮಾತಾಡಿಸಲು ತಲೆಯೆತ್ತಿರುತ್ತಾಳೆ.

ಬಟ್ಟೆ ತುಟ್ಟಿಯಾಯಿತು, ಇನ್ನು ಕೌದಿ ಹೊಲಿದ ಹಾಗೇ ಎಂಬುದು ಹೊಸದಾಗಿ ಈ ಹೊದಿಕೆ ಹೊಲಿಯುವ ಹವ್ಯಾಸ ಹಿಡಿದವರ ಗೊಣಗಾಟ. ತುಟ್ಟಿಯಾದದ್ದು ನಿಜ. 2022ರ ಮೇ ತಿಂಗಳಲ್ಲಿ 356 ಕಿಲೋದ ಒಂದು ಕ್ಯಾಂಡಿ ಹತ್ತಿ ಲಕ್ಷ ರೂಪಾಯಿ ದಾಟಿತ್ತು. ಹತ್ತಿ ಇಳಿದ ಮೇಲೂ ಕಟ್‌ಪೀಸ್ ಅಂಗಡಿಯ ದರ ಇಳಿದದ್ದನ್ನು ನಾನಂತೂ ಕಾಣೆ. ಆದರೆ ಕೌದಿಗೆಂದು ಹೊಸ ಬಟ್ಟೆ ಕೊಳ್ಳುವುದೇ ನನಗೆ ಒಪ್ಪದ ಮಾತು. ಹೊಸದರಲ್ಲಿ ಗಂಜಿಯಿರುತ್ತದೆ. ಮೊದಲ ಒಗೆತಕ್ಕೆ ಒಂದು ತುಂಡು ಕುಗ್ಗುತ್ತದೆ, ಪಕ್ಕದ್ದು ಕುಗ್ಗುವುದಿಲ್ಲ. ಕೆಂಪು ಬಣ್ಣ ಬಿಟ್ಟು ಬಿಳಿಯ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಉಟ್ಟ ಸೀರೆ ಈ ರಗಳೆಯನ್ನೆಲ್ಲ ಮುಗಿಸಿಕೊಂಡೇ ಬಂದಿರುತ್ತದೆ. ನಾಲ್ಕೈದು ಪದರ ಹಾಸಿದರೂ ಸೂಜಿ ಸಲೀಸಾಗಿ ಇಳಿಯುತ್ತದೆ.

ಅಡಚಣೆ ಇರುವುದು ಬೇರೆ ಕಡೆ. ಮನೆಗಳಲ್ಲಿ ಹತ್ತಿ ಸೀರೆಯೇ ಕಡಿಮೆ. ಪಾಲಿಯೆಸ್ಟರ್ ಹರಿಯುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಪದರ ಹಾಸಿದರೆ ಜಾರುತ್ತದೆ, ಹೊದ್ದರೆ ಬೆವರು ಹೀರದು. ಉಳಿದ ಅಷ್ಟಿಷ್ಟು ಹತ್ತಿಯನ್ನು ಪಾತ್ರೆಯವರು ಸ್ಟೀಲ್ ಡಬ್ಬಿ ಕೊಟ್ಟು ಒಯ್ಯುತ್ತಾರೆ. ಪುಕ್ಕಟೆ ಸಿಗುತ್ತಿದ್ದ ಹಳೇ ಬಟ್ಟೆಗೂ ಈಗ ಚೌಕಾಸಿ ಮಾಡಬೇಕು.

ಇದ್ದುದರಲ್ಲೇ ಹೊಲಿಯುವ ಜಾಣ್ಮೆ ಬೇಕಿದ್ದರೆ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿ ನೋಡಬೇಕು. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ, ಕೈಗೆ ಸಿಕ್ಕ ತುಂಡೇ ಮುಂದಿನ ಬಣ್ಣ. ಮೂಲೆಗಳಿಗೆ ಮಡಚಿದ ತ್ರಿಕೋನದ ಹೂ ಇಡದಿದ್ದರೆ ಮಾತ್ರ ಅವರ ಲೆಕ್ಕದಲ್ಲಿ ಕೌದಿ ಬೆತ್ತಲೆ.

ನಮ್ಮ ಸಂಡೂರಿನವರೂ ಚೂರುಬಟ್ಟೆಗೆ ಬೆಲೆ ತಂದವರೇ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯಲ್ಲಾದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಚಪ್ಪಾಳೆ ತಟ್ಟಿದೆವು. ಅದೇ ಕಸೂತಿಯ ಚೀಲ ಬಜಾರಿನಲ್ಲಿ ಕಂಡರೆ ಅರ್ಧ ಬೆಲೆಗೆ ಕೇಳುತ್ತೇವೆ! ಬಟ್ಟೆ ಎಷ್ಟೇ ಏರಲಿ, ಕೈಗೆಲಸದಲ್ಲಿ ಕೂಲಿಯೇ ದೊಡ್ಡ ಪಾಲು. ಹೊಲಿಸುವವರು ಹೊದಿಕೆಯ ಅಗಲ ನೋಡಿ ಅಲ್ಲ, ದಿನ ಎಣಿಸಿ ಕೊಡಬೇಕು.

ಸ್ವತಃ ಹೊಲಿಯುವವರು ಬಟ್ಟೆಯಲ್ಲಿ ಉಳಿದ ದುಡ್ಡನ್ನು ದಾರಕ್ಕೆ ಹಾಕಿ. ಸವೆದ ಹತ್ತಿಗೆ ಹತ್ತಿ ದಾರವನ್ನೇ ಕೇಳಿ ತನ್ನಿ. ಪಿಸಿದ ಸೀರೆ ಒಳಪದರಕ್ಕೆ, ಗಟ್ಟಿ ಇದ್ದದ್ದು ಮೇಲಕ್ಕೆ. ಇಳಕಲ್ ಸೀರೆ ಸಿಕ್ಕರೆ ಮೈಯನ್ನೂ ಸೆರಗನ್ನೂ ಬೇರೆ ಮಾಡಿ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತದೆ, ಎರಡೂ ಒಂದೇ ಸಮ ಸವೆಯುವುದಿಲ್ಲ.