ನಕ್ಷೆಯ ಮೇಲಿನ ದೇವಾಲಯ: ‘ಪೋಕೆಮಾನ್ ಗೋ’ ಹಾಗೂ ಸ್ಥಳದ ದೈವಶಾಸ್ತ್ರ

2016ರ ಜುಲೈ 6ರಂದು ಅಮೆರಿಕ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ‘ಪೋಕೆಮಾನ್ ಗೋ’ ಎಂಬ ಮೊಬೈಲ್ ಆಟವು ಬಿಡುಗಡೆಯಾಯಿತು. ಅದಾದ ಕೆಲವೇ ದಿನಗಳಲ್ಲಿ, ವಾರದ ನಡುವೆ ಯಾರೂ ಸುಳಿಯದ ಅನೇಕ ದೇವಾಲಯಗಳ ಅಂಗಳದಲ್ಲಿ ಅಪರಿಚಿತರು ಮೊಬೈಲ್ ಹಿಡಿದು ನಿಲ್ಲತೊಡಗಿದರು. ಆ ದೇವಾಲಯಗಳು ಆಟದ ನಕ್ಷೆಯಲ್ಲಿ ‘ಪೋಕೆಸ್ಟಾಪ್’ ಅಥವಾ ‘ಜಿಮ್’ ಎಂದು ಗುರುತಾಗಿದ್ದವು. ಅದಕ್ಕಾಗಿ ಆಯಾ ಸಭೆಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಈ ಹುಚ್ಚು ಒಂದು ಬೇಸಿಗೆಯಲ್ಲಿ ಮುಗಿದುಹೋಗುವುದೆಂದು ಅಂದು ಹಲವರು ಭಾವಿಸಿದರು. ಹುಚ್ಚು ಇಳಿಯಿತೆಂಬುದು ನಿಜ. ಆಟ ಮಾತ್ರ ಉಳಿಯಿತು. ಅದು ಏಕೆ ಉಳಿಯಿತೆಂಬ ಪ್ರಶ್ನೆಯು ಸಭೆಯ ಮೇವಣಿಗೆಗೆ ಸಿದ್ಧರಾಗುತ್ತಿರುವವರಿಗೆ ಹೊರಗಿನದಲ್ಲವೆಂದು ನಾವು ತಿಳಿಯುತ್ತೇವೆ.

ಸಭೆಗಳ ಪ್ರತಿಕ್ರಿಯೆ ಅಂದು ಇಬ್ಬಗೆಯಾಗಿತ್ತು. ಇಂಗ್ಲೆಂಡ್ ಸಭೆಯು ಅದೇ ಜುಲೈ ತಿಂಗಳಲ್ಲಿ ತನ್ನ ಸ್ಥಳೀಯ ಸಭೆಗಳಿಗೆ ಸಲಹೆ ನೀಡಿ, ಆಟಗಾರರನ್ನು ಸ್ವಾಗತಿಸುವಂತೆಯೂ ಅವರೊಡನೆ ಮಾತಿಗಿಳಿಯುವಂತೆಯೂ ಪ್ರೋತ್ಸಾಹಿಸಿತು. ಮತ್ತೊಂದೆಡೆ, ಜೇಬಿನಲ್ಲಿಟ್ಟು ಹೋರಾಟಕ್ಕಿಳಿಸುವ ಆ ಜೀವಿಗಳಲ್ಲಿ ದೆವ್ವಗಳನ್ನೇ ಕಂಡ ಬೋಧಕರೂ ಇದ್ದರು. ಕಟುತ್ವದ ತುದಿಯನ್ನು ನಾವು ರಷ್ಯದಲ್ಲಿ ಕಾಣುತ್ತೇವೆ: ಕೊನೆಯ ಸಾರ್ ದೊರೆಯೂ ಅವನ ಕುಟುಂಬವೂ 1918ರಲ್ಲಿ ಹತರಾದ ಸ್ಥಳದಲ್ಲಿ ಕಟ್ಟಿದ ಯೆಕತೆರಿನ್‌ಬರ್ಗ್‌ನ ದೇವಾಲಯದೊಳಗೆ ಈ ಆಟವಾಡಿ ಅದರ ವಿಡಿಯೊ ಪ್ರಕಟಿಸಿದ ರುಸ್ಲಾನ್ ಸೊಕೊಲೊವ್‌ಸ್ಕಿ ಎಂಬ ಯುವಕನಿಗೆ 2017ರ ಮೇ ತಿಂಗಳಲ್ಲಿ ನ್ಯಾಯಾಲಯವು ಅಮಾನತಿನಲ್ಲಿಟ್ಟ ಸೆರೆವಾಸವನ್ನು ವಿಧಿಸಿತು. ನಮ್ಮ ದೇಶದಲ್ಲಿಯೂ, ಆಟದ ಮೊಟ್ಟೆಗಳು ದೇವಸ್ಥಾನಗಳಲ್ಲಿ ಕಾಣಿಸಿಕೊಳ್ಳುವುದು ಭಕ್ತರ ಭಾವನೆಗೆ ಧಕ್ಕೆ ತರುತ್ತದೆಂಬ ಅರ್ಜಿಯ ಮೇಲೆ ಗುಜರಾತ್ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ನೀಡಿತ್ತು.

ಸ್ವಾಗತಿಸಿದವರೂ ಖಂಡಿಸಿದವರೂ ಒಂದೇ ಕಡೆ ಎಡವಿದರೆಂಬುದು ನಮ್ಮ ಅಭಿಪ್ರಾಯ. ಇಬ್ಬರ ಕಣ್ಣೂ ಪರದೆಯ ಮೇಲಿನ ಜೀವಿಯ ಮೇಲಿತ್ತು. ಅದು ನಿಂತ ನೆಲದ ಬಗ್ಗೆ ಇಬ್ಬರೂ ಯೋಚಿಸಲಿಲ್ಲ.

ಈ ಬಗೆಯ ಆಟಗಳನ್ನು ‘ವರ್ಧಿತ ವಾಸ್ತವ’ದ ಆಟಗಳೆಂದು ಕರೆಯುವುದು ವಾಡಿಕೆ. ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ನಮ್ಮೆದುರಿನ ಕಲ್ಲುಬೆಂಚಿನ ಮೇಲೆ ಒಂದು ಕಾಲ್ಪನಿಕ ಜೀವಿ ಕುಳಿತಂತೆ ತೋರುತ್ತದೆ. ಪತ್ರಿಕೆಗಳು ಮೆಚ್ಚಿ ಬರೆದದ್ದೂ ಇದನ್ನೇ. ಆದರೆ ದಿನನಿತ್ಯ ಆಡುವವರಲ್ಲಿ ಬಹಳ ಮಂದಿ ಈ ಕ್ಯಾಮೆರಾ ಸೌಲಭ್ಯವನ್ನು ಆರಿಸಿಯೇ ಆಡುತ್ತಾರೆ; ಬ್ಯಾಟರಿ ಉಳಿಯುತ್ತದೆ, ಹಿಡಿಯುವುದೂ ಸುಲಭ. ಹಾಗಾದರೆ ವರ್ಧನೆಯಾದದ್ದು ಎಲ್ಲಿ? ಕಣ್ಣಿಗೆ ಕಾಣುವ ದೃಶ್ಯಕ್ಕಿಂತ ಹೆಚ್ಚಾಗಿ ಅದು ನಕ್ಷೆಯಲ್ಲಿ ನಡೆದಿದೆ. ಆಟವನ್ನು ಕಟ್ಟಿದ ನಯಾಂಟಿಕ್ ಸಂಸ್ಥೆ 2015ರಲ್ಲಿ ಗೂಗಲ್‌ನಿಂದ ಬೇರ್ಪಟ್ಟದ್ದು. ಅದರ ಸ್ಥಾಪಕ ಜಾನ್ ಹ್ಯಾಂಕಿ ಅದಕ್ಕೆ ಮುನ್ನ ನಡೆಸಿದ ಕೀಹೋಲ್ ಎಂಬ ಕಂಪನಿಯ ಕೆಲಸವೇ ಮುಂದೆ ‘ಗೂಗಲ್ ಅರ್ಥ್’ ಆಯಿತು. ಇದೇ ತಂಡ 2012ರಲ್ಲಿ ಹೊರತಂದ ‘ಇನ್‌ಗ್ರೆಸ್’ ಎಂಬ ಆಟದಲ್ಲಿ ಊರಿನ ಸ್ಮಾರಕ, ಶಿಲ್ಪ, ಪೂಜಾಸ್ಥಳಗಳನ್ನು ಆಟಗಾರರೇ ಸೂಚಿಸುತ್ತಿದ್ದರು. ಆ ಪಟ್ಟಿಯೇ ‘ಪೋಕೆಮಾನ್ ಗೋ’ವಿನ ತಳಹದಿ. ನಮ್ಮ ದೇವಾಲಯಗಳು ನಕ್ಷೆಗೆ ಸೇರಿದ್ದು ಹೀಗೆ.

ಇದನ್ನು ಸ್ಪಷ್ಟವಾಗಿ ಗ್ರಹಿಸದೆ ಕೆಲವರು ಅರಸುಗಳ ಎರಡನೆಯ ಪುಸ್ತಕದ ಆರನೆಯ ಅಧ್ಯಾಯಕ್ಕೆ ಧಾವಿಸುವುದುಂಟು. ದೋತಾನಿನಲ್ಲಿ ಎಲೀಷನ ಸೇವಕನ ಕಣ್ಣು ತೆರೆದು ಬೆಟ್ಟದ ತುಂಬ ಅಗ್ನಿರಥಗಳು ಕಂಡವಲ್ಲವೆ, ಅದೇ ವರ್ಧಿತ ವಾಸ್ತವ ಎನ್ನುವ ಪ್ರಸಂಗ ಯುವಜನರ ಕೂಟಗಳಲ್ಲಿ ಸೊಗಸಾಗಿ ಕೇಳಿಸಬಹುದು. ವ್ಯಾಖ್ಯಾನವಾಗಿ ಅದು ನಿಲ್ಲದು. ಸೇವಕನಿಗೆ ಕಂಡದ್ದು ಸೇರಿಸಿಟ್ಟ ಚಿತ್ರವಲ್ಲ. ಅವನಿಗೆ ಕಾಣದೆಯೇ ಅಲ್ಲಿದ್ದ ಸತ್ಯ. ಅಲ್ಲದೆ ಆ ದರ್ಶನವು ಭಯಗೊಂಡ ಒಬ್ಬನಿಗಾಗಿ ಮತ್ತೊಬ್ಬನು ಮಾಡಿದ ಪ್ರಾರ್ಥನೆಯ ಫಲವಾಗಿತ್ತು, ಮತ್ತು ಆ ಅಧ್ಯಾಯವು ಸೆರೆಸಿಕ್ಕ ಶತ್ರುಗಳಿಗೆ ಔತಣ ಬಡಿಸುವಲ್ಲಿಗೆ ಮುಟ್ಟುತ್ತದೆ. ಪ್ರಸಂಗಿಗಳು ಅಲ್ಲಿಯವರೆಗೆ ಓದುವುದು ಒಳ್ಳೆಯದು.

ಈಗ ಆಟ ಏಕೆ ಉಳಿಯಿತೆಂಬ ಪ್ರಶ್ನೆಗೆ ಬರೋಣ. ಹೊಸತನವೇ ಕಾರಣವೆನ್ನಲಾಗದು. ಅಮೆರಿಕದ ಆಟಗಾರರ ನಡಿಗೆಯನ್ನು ಅಳೆದು 2016ರ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವಾರ ದಿನಕ್ಕೆ ಸುಮಾರು 955 ಹೆಜ್ಜೆಗಳಷ್ಟು ಏರಿದ ನಡಿಗೆ ಆರನೆಯ ವಾರದ ಹೊತ್ತಿಗೆ ಹಿಂದಿನ ಮಟ್ಟಕ್ಕೇ ಇಳಿದಿತ್ತು. ಹೆಸರಿನ ಬಲವೂ ಸಾಲದು. ಅದೇ ನಯಾಂಟಿಕ್ ಪಾಲುಗೊಂಡು 2019ರಲ್ಲಿ ತಂದ ಹ್ಯಾರಿ ಪಾಟರ್ ಆಟವು 2022ರ ಜನವರಿಯಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್‌ನ ‘ಮೈನ್‌ಕ್ರಾಫ್ಟ್ ಅರ್ಥ್’ ಎರಡು ವರ್ಷವೂ ಬಾಳಲಿಲ್ಲ. ‘ಪೋಕೆಮಾನ್ ಗೋ’ ಮಾತ್ರ ಕ್ರಮೇಣ ಒಂದು ವ್ಯವಸ್ಥೆಯನ್ನು ಬೆಳೆಸಿಕೊಂಡಿತು. 2017ರಲ್ಲಿ ಒಬ್ಬನಿಂದ ಗೆಲ್ಲಲಾಗದ, ಹಲವರು ಒಂದೆಡೆ ಸೇರಿ ಎದುರಿಸಬೇಕಾದ ‘ರೇಡ್’ಗಳು ಬಂದವು. 2018ರ ಜನವರಿಯಿಂದ ತಿಂಗಳಿಗೊಮ್ಮೆ ‘ಸಮುದಾಯ ದಿನ’ ಆರಂಭವಾಯಿತು. ಆಮೇಲೆ ಸ್ನೇಹಿತರ ಪಟ್ಟಿ, ಕಾಣಿಕೆಗಳ ವಿನಿಮಯ, ಋತುಗಳ ಪಂಚಾಂಗ. ನಿಗದಿಯಾದ ದಿನ, ನಿಗದಿಯಾದ ಸ್ಥಳ, ಒಬ್ಬಂಟಿಯಾಗಿ ನೆರವೇರದ ಕಾರ್ಯ, ಪ್ರತಿದಿನದ ಸಣ್ಣ ನಿಷ್ಠೆ: ಆರಾಧನಾ ವರ್ಷವನ್ನು ಬಲ್ಲ ಓದುಗರಿಗೆ ಇದರ ರೂಪರೇಖೆ ಅಪರಿಚಿತವಲ್ಲ. ಹೊಸ ತಲೆಮಾರಿಗೆ ಇದೆಲ್ಲ ಭಾರವೆಂದು ನಮ್ಮ ಸಭೆಗಳಲ್ಲಿ ಕೆಲವು ತಿಥಿಗಳನ್ನೂ ಆಚರಣೆಗಳನ್ನೂ ಕೈಬಿಟ್ಟ ಕಾಲದಲ್ಲಿಯೇ ಒಂದು ವ್ಯಾಪಾರೀ ಆಟ ಅವುಗಳ ಎಲುಬುಗೂಡನ್ನು ಎತ್ತಿಕೊಂಡು ಯುವಜನರನ್ನು ಉಳಿಸಿಕೊಂಡಿತು.

ಸಾಂಕ್ರಾಮಿಕ ರೋಗದ ಕಾಲದಲ್ಲಿ ನಡೆದ ವಾದ ಇದಕ್ಕಿಂತಲೂ ಗಮನಾರ್ಹವಾಗಿದೆ. 2020ರಲ್ಲಿ ಜನರು ಮನೆಯಲ್ಲೇ ಉಳಿಯಬೇಕಾದಾಗ ಆಟವು ದೂರದಿಂದಲೇ ರೇಡಿನಲ್ಲಿ ಪಾಲುಗೊಳ್ಳುವ ಪಾಸ್‌ಗಳನ್ನು ಮಾರತೊಡಗಿತು; ಪೋಕೆಸ್ಟಾಪ್ ಮುಟ್ಟಲು ಇರಬೇಕಾದ ಅಂತರವನ್ನು 40 ಮೀಟರ್‌ನಿಂದ 80ಕ್ಕೆ ಹೆಚ್ಚಿಸಿತು. 2021ರ ಆಗಸ್ಟ್‌ನಲ್ಲಿ ಕೆಲವು ದೇಶಗಳಲ್ಲಿ ಅದನ್ನು ಮತ್ತೆ ತಗ್ಗಿಸಿದಾಗ ಆಟಗಾರರು ಪ್ರತಿಭಟಿಸಿದರು, ಸಂಸ್ಥೆ ಮಣಿಯಿತು. 2023ರ ಏಪ್ರಿಲ್‌ನಲ್ಲಿ ದೂರದ ಪಾಸ್‌ಗಳ ಬೆಲೆಯನ್ನು ಸುಮಾರು ಇಮ್ಮಡಿಗೊಳಿಸಿ ದಿನಕ್ಕೆ ಐದರ ಮಿತಿ ಹಾಕಿದಾಗ ಮತ್ತೆ ಕೋಲಾಹಲವೆದ್ದಿತು. ಜನರು ಹೊರಬಂದು ಒಂದೆಡೆ ಕೂಡುವುದೇ ಆಟದ ಜೀವಾಳವೆಂದು ಸಂಸ್ಥೆ ವಾದಿಸಿತು. ಅಂಗವಿಕಲರೂ ಹತ್ತಿರದಲ್ಲಿ ಒಂದೇ ಒಂದು ಜಿಮ್ ಇಲ್ಲದ ಹಳ್ಳಿಗಾಡಿನವರೂ, ಹಾಗಾದರೆ ನಮಗೆ ಸ್ಥಳವೆಲ್ಲಿ ಎಂದು ಕೇಳಿದರು.

ಇದೇ ಮಾತುಗಳು ಇದೇ ವರ್ಷಗಳಲ್ಲಿ ಕರ್ತನ ಭೋಜನದ ಕುರಿತು ನಮ್ಮ ನಡುವೆಯೂ ಕೇಳಿಬಂದವು. ಪರದೆಯ ಮುಂದೆ ರೊಟ್ಟಿ ಹಿಡಿದು ಕುಳಿತವನು ಸಭೆಯಲ್ಲಿದ್ದಾನೋ ಇಲ್ಲವೋ ಎಂದು ನಾವು ಬಹಳ ಚರ್ಚಿಸಿದೆವು. ಆದರೆ ಸಭೆಗೆ ಮೂರನೆಯ ದಾರಿ ಮೊದಲಿನಿಂದಲೂ ಇತ್ತು. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ಹುತಾತ್ಮನಾದ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುವಾಗ, ಬಾರದವರಿಗೆ ಸಭಾಸೇವಕರು ರೊಟ್ಟಿಯನ್ನು ಒಯ್ದು ಕೊಡುವ ಪದ್ಧತಿಯನ್ನು ಹೇಳುತ್ತಾನೆ. ಅಲ್ಲಿ ಗೈರುಹಾಜರಾದವನು ದೂರದಿಂದ ಇಣುಕುವವನಲ್ಲ. ಕೂಡಿದ ಸಭೆಯೇ ನಡೆದು ಅವನ ಬಾಗಿಲಿಗೆ ಹೋಗುತ್ತದೆ. ಮಾರ್ಕನ ಸುವಾರ್ತೆಯ ಪಾರ್ಶ್ವವಾಯು ರೋಗಿಗಾಗಿ ನಾಲ್ವರು ಮನೆಯ ಮಾಳಿಗೆಯನ್ನೇ ತೆರೆದರು. ಆಟದ ರಚನೆಯಲ್ಲಿ ಈ ಸಾಧ್ಯತೆಯಿಲ್ಲ. ಅಲ್ಲಿ ಕಾಲಿದ್ದವನು ನಡೆಯಬೇಕು, ಇಲ್ಲದವನು ಪಾಸ್ ಕೊಳ್ಳಬೇಕು. ಒಬ್ಬನು ಇನ್ನೊಬ್ಬನನ್ನು ಹೊತ್ತು ತರಲಾರನು. ಆದರೆ ಸಾಂಕ್ರಾಮಿಕದ ನಂತರ ಯೂಟ್ಯೂಬ್ ಕೊಂಡಿಯನ್ನು ಕಳಿಸಿ, ಹಾಸಿಗೆ ಹಿಡಿದ ಸದಸ್ಯರ ಭೇಟಿಯನ್ನು ಕೈಬಿಟ್ಟಿರುವ ಸಭೆಗಳಿಗೆ ಈ ಟೀಕೆಯನ್ನು ಮಾಡುವ ಅಧಿಕಾರವೆಷ್ಟು ಉಳಿದಿದೆ?

ಆಟದ ಅತ್ಯಂತ ದುರ್ಬಲ ಅಂಶ ಅದರ ಒಡೆತನ. ಜಪಾನಿನಲ್ಲಿ ಆಟವು 2016ರ ಜುಲೈನಲ್ಲಿ ಆರಂಭವಾದಾಗಲೇ ಸುಮಾರು 3,000 ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಪ್ರಾಯೋಜಿತ ಸ್ಥಳಗಳಾಗಿದ್ದವು. ಭಾರತಕ್ಕೆ ಅದು ಅಧಿಕೃತವಾಗಿ ಬಂದದ್ದು ಅದೇ ಡಿಸೆಂಬರ್‌ನಲ್ಲಿ, ರಿಲಯನ್ಸ್ ಜಿಯೋ ಜೊತೆಗಿನ ಒಪ್ಪಂದದ ಮೂಲಕ; ರಿಲಯನ್ಸ್‌ನ ಮಳಿಗೆಗಳೇ ಪೋಕೆಸ್ಟಾಪ್‌ಗಳಾದವು. ಆಟವಾಡುತ್ತಿದ್ದೇವೆಂದುಕೊಂಡವರನ್ನು ಹಣ ತೆತ್ತ ಅಂಗಡಿಯ ಕಡೆಗೆ ಮೆಲ್ಲನೆ ನಡೆಸುವ ಈ ಬಗೆಯನ್ನು ಶೋಶಾನಾ ಜುಬಾಫ್ ಕಣ್ಗಾವಲಿನ ಬಂಡವಾಳಶಾಹಿಯನ್ನು ಕುರಿತ ತಮ್ಮ 2019ರ ಗ್ರಂಥದಲ್ಲಿ ವಿಮರ್ಶಿಸಿದ್ದಾರೆ. ಅವರ ವಾದವನ್ನು ಒಪ್ಪುತ್ತಲೇ ನಾವು ಅಗಸ್ಟೀನನ ಒಂದು ಭೇದವನ್ನು ಸೇರಿಸಬಯಸುತ್ತೇವೆ. ಬಳಸಬೇಕಾದ ವಸ್ತುಗಳು ಬೇರೆ, ಅದರಲ್ಲಿಯೇ ನೆಲೆಸಿ ಆನಂದಿಸಬೇಕಾದದ್ದು ಬೇರೆ ಎಂಬುದು ಅವನ ಬೋಧೆ. ಆಟಗಾರನು ದೇವಾಲಯದ ಅಂಗಳವನ್ನು ಬಳಸುತ್ತಾನೆ. ಸಂಸ್ಥೆಯು ಆಟಗಾರನನ್ನು ಬಳಸುತ್ತದೆ. ಯಾರೂ ಎಲ್ಲಿಯೂ ನೆಲೆಸುವುದಿಲ್ಲ. ಆಟಗಾರರು ಬಿಡುವಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ ಸ್ಥಳಗಳ ಚಿತ್ರಗಳನ್ನೂ ಆಧರಿಸಿ ಜಗತ್ತಿನ ಭೌಗೋಳಿಕ ಮಾದರಿಯೊಂದನ್ನು ಕಟ್ಟುತ್ತಿರುವುದಾಗಿ ನಯಾಂಟಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. 2025ರಲ್ಲಿ ‘ಪೋಕೆಮಾನ್ ಗೋ’ ಸೇರಿದಂತೆ ಸಂಸ್ಥೆಯ ಪ್ರಮುಖ ಆಟಗಳು 350 ಕೋಟಿ ಡಾಲರಿಗೆ ಸೌದಿ ಅರೇಬಿಯದ ಸರ್ಕಾರಿ ನಿಧಿಯ ಒಡೆತನದ ಸ್ಕೋಪ್ಲಿ ಕಂಪನಿಗೆ ಮಾರಾಟವಾದವು. ನಕ್ಷೆಯ ಉದ್ಯಮವನ್ನು ಹ್ಯಾಂಕಿ ಬೇರೆಯಾಗಿ ಉಳಿಸಿಕೊಂಡರು.

ಕೆಲವು ಸ್ಥಳಗಳು ತಮ್ಮನ್ನು ನಕ್ಷೆಯಿಂದ ತೆಗೆಯುವಂತೆ ಕೇಳಿಕೊಂಡವು. ವಾಷಿಂಗ್ಟನ್ನಿನ ಹೊಲೊಕಾಸ್ಟ್ ಸ್ಮಾರಕ ಸಂಗ್ರಹಾಲಯ ಕೇಳಿತು. 2016ರ ಆಗಸ್ಟ್ 6ರ ಸ್ಮರಣೆಗೆ ಮುಂಚೆ ಹಿರೋಷಿಮಾ ನಗರವೂ ತನ್ನ ಶಾಂತಿ ಉದ್ಯಾನಕ್ಕಾಗಿ ಕೇಳಿತು. ಸತ್ತವರ ನೆನಪು ಆ ನೆಲಕ್ಕೆ ಸೇರಿದೆ, ಅದರ ಮೇಲೆ ಬೇರೊಂದು ಅರ್ಥವನ್ನು ಹೊದಿಸಲಾಗದು ಎಂಬುದು ಅವರ ನಿಲುವಾಗಿತ್ತು. ನಮ್ಮ ಸಭೆಗಳಲ್ಲಿ ಎಷ್ಟಕ್ಕೆ ತಮ್ಮ ನೆಲದ ಬಗ್ಗೆ ಅಷ್ಟು ಸ್ಪಷ್ಟವಾಗಿ ಹೇಳಬಲ್ಲ ಮಾತಿದೆ? ಹಳೆಯ ಇಂಗ್ಲೆಂಡಿನಲ್ಲಿ ವರ್ಷಕ್ಕೊಮ್ಮೆ ಸಭೆಯವರೆಲ್ಲ ಸೇರಿ ತಮ್ಮ ಪ್ಯಾರಿಷಿನ ಎಲ್ಲೆಗಳನ್ನು ಪ್ರಾರ್ಥಿಸುತ್ತ ಸುತ್ತುತ್ತಿದ್ದರು. ಕವಿಯೂ ಗ್ರಾಮಪಾಲಕನೂ ಆಗಿದ್ದ ಜಾರ್ಜ್ ಹರ್ಬರ್ಟ್ 1652ರಲ್ಲಿ, ತನ್ನ ಮರಣಾನಂತರ ಪ್ರಕಟವಾದ ಗ್ರಂಥದಲ್ಲಿ ಆ ನಡಿಗೆಯನ್ನು ನಾಲ್ಕು ಕಾರಣಗಳಿಗಾಗಿ ಸಮರ್ಥಿಸುತ್ತಾನೆ: ಬೆಳೆಗೆ ದೇವರ ಆಶೀರ್ವಾದ, ಎಲ್ಲೆಗಳ ನ್ಯಾಯವಾದ ರಕ್ಷಣೆ, ಜೊತೆಗೆ ನಡೆಯುವವರ ನಡುವೆ ಮುನಿಸು ಕಳೆದು ಮೂಡುವ ಪ್ರೀತಿ, ಮತ್ತು ದಾರಿಯಲ್ಲಿ ಬಡವರಿಗೆ ನೀಡುವ ಉದಾರ ದಾನ. ಈ ನಾಲ್ಕರಲ್ಲಿ ಮೂರನೆಯದು ಆಟದಲ್ಲಿಯೂ ಒಂದಿಷ್ಟು ಕಾಣುತ್ತದೆ. ನಾಲ್ಕನೆಯದು ಯಾವ ಪೋಕೆಸ್ಟಾಪಿನಲ್ಲಿಯೂ ಇಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದವನು ಆಟದ ನಕ್ಷೆಯಲ್ಲಿ ಕಾಣುವುದಿಲ್ಲ. ಆ ದಾರಿಯಲ್ಲಿ ಅವನನ್ನು ಕಂಡೂ ಆಚೆ ಬದಿಗೆ ಸರಿದುಹೋದ ಇಬ್ಬರ ಕೈಯಲ್ಲಿ ಮೊಬೈಲ್ ಇರಲಿಲ್ಲ, ಮತ್ತು ಅವರಿಬ್ಬರೂ ದೇವಾಲಯದ ಸೇವೆಗೆ ಸೇರಿದವರಾಗಿದ್ದರು.