ಕಿಸೆಯ ಟಾರ್ಚು

ಕಡೂರಿನ ತೆಂಗಿನ ತೋಟಗಳಲ್ಲಿಯೂ ತರೀಕೆರೆಯ ಅಡಿಕೆಯ ಸಾಲುಗಳಲ್ಲಿಯೂ ಅಜ್ಜಂಪುರದ ಈರುಳ್ಳಿಯ ಹೊಲಗಳಲ್ಲಿಯೂ ಇರುಳು ತ್ರೀಫೇಸ್ ಕರೆಂಟು ಬಂದೊಡನೆ ಪಂಪುಸೆಟ್ಟಿನತ್ತ ಹೊರಡುವ ರೈತನಿಗೆ, ಕಿಸೆಯಲ್ಲಿ ಅಡಗುವ ಪುಟ್ಟ ಟಾರ್ಚು ಆಪ್ತಬಂಧುವೇ ಸರಿ. ಅದನ್ನು ಪರೀಕ್ಷಿಸುವವನು ಹೊತ್ತಿಸಿದ ಕ್ಷಣದ ಪ್ರಖರತೆಗೆ ಮರುಳಾಗದೆ, ಪೂರ್ಣ ಚಾರ್ಜಾದ ಸೆಲ್ಲಿನಿಂದ ಉರಿಸಿ, ಬೆಳಕು ಎಷ್ಟು ಹೊತ್ತು ಕುಂದದೆ ನಿಲ್ಲುವುದೆಂದು ನೋಡತಕ್ಕದ್ದು. ಏಕೆಂದರೆ ರೂಢಿಯ ಮಾನದಂಡದಲ್ಲಿ ಬಾಳಿಕೆಯ ಅವಧಿಯೆಂದರೆ ಬೆಳಕು ಆರಂಭದ ಪ್ರಮಾಣದ ಶೇ. 10ಕ್ಕೆ ಇಳಿಯುವವರೆಗಿನ ಕಾಲ; ಆ ಲೆಕ್ಕದಲ್ಲಿ ಕುಂದಿದ ಬೆಳಕಿನ ಹೊತ್ತೂ ಸೇರಿರುತ್ತದೆ. ಅದೇ ಮಾನದಂಡದಲ್ಲಿ ಬೆಳಕು ತಲುಪುವ ದೂರವೆಂದರೆ ಹುಣ್ಣಿಮೆಯ ಬೆಳದಿಂಗಳಿಗೆ ಸರಿಸುಮಾರು ಸಮನಾದ 0.25 ಲಕ್ಸ್ ಕಾಂತಿ ಬೀಳುವ ಅಂತರ. ಮೈ ಕಾದಾಗ ತಾನಾಗಿಯೇ ಪ್ರಭೆಯನ್ನು ತಗ್ಗಿಸಿಕೊಂಡು, ಮಂದಪ್ರಕಾಶದಲ್ಲಿ ಬೆಳಗಿನವರೆಗೂ ಬಾಳುವ ಟಾರ್ಚನ್ನು ನಿರ್ಮಿಸಿದ ಕುಶಲಮತಿಗಳಿಗೆ, ಬದುವಿನಲ್ಲಿ ಹಾವನ್ನು ಕಂಡು ಸಕಾಲದಲ್ಲಿ ಹಿಂದೆ ಸರಿದ ಪ್ರತಿಯೊಂದು ಹೆಜ್ಜೆಯೂ ಋಣಿಯಾಗಿದೆ.