ಎರಡು ಮಾರ್ಕಿನ ಪರಿಭಾಷೆ

ದಲಿತ ವಿಮರ್ಶೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಒಂದು ಹಂಚಿಕೆ ಸದ್ದಿಲ್ಲದೆ ಜಾರಿಯಲ್ಲಿದೆ. ಅನುಭವ ನಮ್ಮದು, ಪರಿಭಾಷೆ ಅವರದು. ಕೇರಿಯ ಬದುಕನ್ನು ನಾವು ಹೇಳಬೇಕು. ಅದು ವಾಸ್ತವವಾದವೋ, ಬಂಡಾಯವೋ, ಮಾಂತ್ರಿಕ ವಾಸ್ತವವೋ ಎಂದು ಹೆಸರಿಡುವವರು ಬೇರೆ. ಗೋಪಾಲ್ ಗುರು 2002ರಲ್ಲಿ ಭಾರತದ ಸಮಾಜ ವಿಜ್ಞಾನಗಳ ಬಗ್ಗೆ ಬರೆಯುತ್ತ, ಸಿದ್ಧಾಂತ ಕಟ್ಟುವ ಬ್ರಾಹ್ಮಣರು, ಮಾಹಿತಿ ಹೊರುವ ಶೂದ್ರರು ಎಂಬ ಈ ವಿಭಜನೆಯನ್ನು ಕಟುವಾಗಿಯೇ ಎತ್ತಿ ತೋರಿಸಿದ್ದರು. ಸಾಹಿತ್ಯ ವಿಮರ್ಶೆಯೂ ಇದಕ್ಕೆ ಹೊರತಲ್ಲ. ಇದು ಶುರುವಾಗುವುದಾದರೂ ಎಲ್ಲಿ? ದೊಡ್ಡ ಸೆಮಿನಾರುಗಳಿಗಿಂತ ಬಹಳ ಮುಂಚೆ, ಬಿ.ಎ. ಇಂಗ್ಲಿಷ್ ತರಗತಿಯಲ್ಲಿ ಬಾಯಿಪಾಠ ಮಾಡಿಸುವ ‘ಲಿಟರರಿ ಟರ್ಮ್ಸ್’ ಪಟ್ಟಿಯಲ್ಲೇ ಇದು ಶುರುವಾಗುತ್ತದೆ ಎಂಬುದು ನನ್ನ ಅನುಮಾನ.

ನಾನು ಇಂಗ್ಲಿಷ್ ಹೇಳುವ ಉಪನ್ಯಾಸಕ. ಕಾಲೇಜಿನ ಪಾಠ ಬೇರೆ. ಸಂಜೆ ಹೊತ್ತು ನಂದೂರಿನಲ್ಲಿ ಐದಾರು ಹುಡುಗ ಹುಡುಗಿಯರು ಪುಸ್ತಕ ಹಿಡಿದು ಬರುತ್ತಾರೆ. ಊರಿನವರು ಕೆಲವರು, ಕಮಲಾಪುರದ ಕಡೆಯಿಂದ ಬಂದು ನೆಂಟರ ಮನೆಯಲ್ಲಿ ಉಳಿದವರು ಇಬ್ಬರು. ಪುಸ್ತಕ ಅಂದರೆ ಗೈಡು. ಮೆಟಫರ್, ಐರನಿ, ಎಲಿಜಿ, ಪ್ಯಾಸ್ಟೊರಲ್, ಹೀಗೆ ಒಂದೊಂದಕ್ಕೂ ಎರಡು ಸಾಲು ಅರ್ಥ, ಎರಡು ಮಾರ್ಕು. ಐರನಿಗೆ ಕನ್ನಡದಲ್ಲಿ ‘ವಕ್ರೋಕ್ತಿ’ ಎಂದಿರುತ್ತದೆ. ಗೊತ್ತಿಲ್ಲದ ಇಂಗ್ಲಿಷನ್ನು ಗೊತ್ತಿಲ್ಲದ ಸಂಸ್ಕೃತದಿಂದ ಬಿಡಿಸುವ ಏರ್ಪಾಡು. ಕೊಂಕು, ಚುಚ್ಚುಮಾತು ಎಂಬವು ಆ ಮಕ್ಕಳ ಮನೆಯಲ್ಲಿ ದಿನಾ ಓಡಾಡುವ ಮಾತುಗಳು. ಐರನಿಗೆ ಅವು ಪೂರ್ತಿ ಸಮವಲ್ಲ, ನಿಜ. ಎಲ್ಲಿ ಸಮವಲ್ಲ ಎಂದು ಕೇಳುವುದರಿಂದಲೇ ಪಾಠ ಶುರುವಾಗಬೇಕಿತ್ತು. ಗೈಡಿಗೆ ಅಷ್ಟು ಪುರುಸೊತ್ತಿಲ್ಲ.

ಎಲಿಜಿಯನ್ನೇ ತೆಗೆದುಕೊಳ್ಳಿ. ‘ಸತ್ತವರನ್ನು ಕುರಿತ ಶೋಕಗೀತೆ’ ಎಂದು ಬರೆಸಿದೆ. ಒಬ್ಬ ಹುಡುಗಿ ಕೇಳಿದಳು: “ನಮ್ಮ ಆಯಿ ಸತ್ತೋರ ಮನಿಗಿ ಹೋಗಿ ಹಾಡ್ಯಾಡಿ ಅಳತಾಳ್ರಿ ಸರ್. ಅದೂ ಎಲಿಜಿ ಆಗ್ತದೇನ್ರಿ?” ಹೌದು ಅಂದರೆ ಸುಲಭ. ನಮ್ಮಲ್ಲೂ ಎಲಿಜಿ ಇದೆ ಎಂದು ಹೆಮ್ಮೆಪಟ್ಟು ಮುಂದಿನ ಪದಕ್ಕೆ ಹೋಗಬಹುದು. ನಮ್ಮ ಜಾನಪದ ವಿದ್ವಾಂಸರು ಬಹಳಷ್ಟು ಸಲ ಮಾಡಿರುವುದು ಇದನ್ನೇ. ಆದರೆ ಎರಡನ್ನೂ ಎದುರಾಬದುರು ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ ಪ್ರಸಿದ್ಧ ಎಲಿಜಿಯಲ್ಲಿ ಹಳ್ಳಿಯ ಬಡವರ ಗೋರಿಗಳಿವೆ. ಅವಕಾಶವಿದ್ದರೆ ಅವರೂ ದೊಡ್ಡ ಕವಿಗಳೋ ನಾಯಕರೋ ಆಗುತ್ತಿದ್ದರೇನೋ ಎಂದು ಕವಿ ಮರುಗುತ್ತಾನೆ. ಆ ಮರುಕ ಸುಳ್ಳಲ್ಲ. ಆದರೆ ಕವಿತೆ ನಡೆಯಬೇಕಾದರೆ ಹಳ್ಳಿಯವರು ಮೂಕರಾಗಿಯೇ ಇರಬೇಕು. ಸಂಜೆಗತ್ತಲಲ್ಲಿ ಒಬ್ಬನೇ ನಿಂತ ಓದುಬಲ್ಲವನು ಅವರ ಪರವಾಗಿ ಮಾತಾಡಬೇಕು. ಈ ಹುಡುಗಿಯ ಆಯಿಗೆ ಅಕ್ಷರ ಬರುವುದಿಲ್ಲ, ಆಕೆ ಮೂಕಳೂ ಅಲ್ಲ. ಹೆಣದ ಮುಂದೆ ಕೂತು, ಸತ್ತವನನ್ನೇ ಕರೆದು ಮಾತಾಡಿಸುತ್ತ ಹಾಡು ಕಟ್ಟುತ್ತಾಳೆ. ಅಳುವಿನ ನಡುವೆ ಲೆಕ್ಕ ಬರುತ್ತದೆ: ಯಾರ ಹೊಲದಲ್ಲಿ ಎಷ್ಟು ವರ್ಷ ದುಡಿದೆ, ಯಾರು ಕೂಲಿ ಉಳಿಸಿಕೊಂಡರು, ಬ್ಯಾನಿ ಬಿದ್ದಾಗ ಯಾರು ಬಾಗಿಲಿಗೂ ಬರಲಿಲ್ಲ. ಸುತ್ತ ಕೂತ ಹೆಂಗಸರು ದನಿಗೂಡಿಸುತ್ತಾರೆ. ಆ ಲೆಕ್ಕದ ಬಾಕಿದಾರರೂ ಕೆಲವೊಮ್ಮೆ ಅಲ್ಲೇ ನಿಂತಿರುತ್ತಾರೆ. ಮಿಲ್ಟನ್ ಮೊದಲಾದವರ ಎಲಿಜಿ ಕೊನೆಗೆ ಸಮಾಧಾನಕ್ಕೆ ಬಂದು ನಿಲ್ಲುವುದು ಒಂದು ಸಂಪ್ರದಾಯ. ಆಯಿಯ ಹಾಡಿಗೆ ಆ ಸಮಾಧಾನದ ಹಂಗಿಲ್ಲ. ಹೆಣ ಎತ್ತಿದಾಗ ಹಾಡು ನಿಲ್ಲುತ್ತದೆ, ಅಷ್ಟೇ. ಇದನ್ನು ‘ಶೋಕಗೀತೆ’ ಎಂದರೆ ಲೆಕ್ಕದ ಭಾಗ ಬಿಟ್ಟುಹೋಗುತ್ತದೆ. ಎಲಿಜಿ ಎಂಬ ಪದ ಗೊತ್ತಿಲ್ಲದಿದ್ದರೆ ಬಿಟ್ಟುಹೋಗುವುದೇನು ಎಂದು ತೋರಿಸುವುದೂ ಕಷ್ಟ. ಹಾಗಾಗಿ ಪದ ಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಾಹಿತ್ಯಕ್ಕೆ ಅವರ ಪರಿಭಾಷೆ ಯಾಕೆ, ಎಸೆಯಿರಿ ಎನ್ನುವ ಗೆಳೆಯರು ಸಂಘಟನೆಗಳಲ್ಲಿ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಸಲಹೆ ಒಪ್ಪಿಗೆಯಾಗುವುದಿಲ್ಲ. ಅಂಬೇಡ್ಕರ್ ಹಾಗೆ ಮಾಡಲಿಲ್ಲ. ಕೊಲಂಬಿಯಾದಲ್ಲಿ ತಮ್ಮ ಗುರುವಾಗಿದ್ದ ಜಾನ್ ಡ್ಯೂಯಿ ಬಳಸಿದ್ದ ‘ಎಂಡಾಸ್ಮೋಸಿಸ್’ ಎಂಬ ವಿಜ್ಞಾನದ ಪದವನ್ನು 1936ರ ‘ಜಾತಿ ವಿನಾಶ’ಕ್ಕೆ ತಂದರು. ಪೊರೆ ದಾಟಿ ದ್ರವ ಒಳಹರಿಯುವ ಕ್ರಿಯೆಗೆ ಇದ್ದ ಹೆಸರು, ಜಾತಿಯ ಗೋಡೆ ದಾಟದ ಸಮಾಜವನ್ನು ಅಳೆಯುವ ಕೋಲಾಯಿತು. ಪದ ಕಲಿಯುವುದೆಂದರೆ ಇಷ್ಟರ ಮಟ್ಟಿಗೆ ಕಲಿಯುವುದು.

ಪದಗಳಿಗೂ ಹುಟ್ಟು, ಅಂತಸ್ತು ಇವೆ. ಗೈಡಿನಲ್ಲಿ ‘ಕ್ಲಾಸಿಕ್’ ಎಂದರೆ ಕಾಲ ಮೀರಿ ನಿಂತ ಕೃತಿ. ಲ್ಯಾಟಿನ್‌ನಲ್ಲಿ ‘ಕ್ಲಾಸಿಕಸ್’ ಅಂದರೆ ಆಸ್ತಿಯ ಲೆಕ್ಕದಲ್ಲಿ ಮೊದಲ ದರ್ಜೆಯ ಪ್ರಜೆ. 2ನೇ ಶತಮಾನದ ಔಲಸ್ ಗೆಲಿಯಸ್ ಅದನ್ನು ಲೇಖಕರಿಗೆ ಹಚ್ಚಿದಾಗ, ಅದರ ಎದುರಿಗಿಟ್ಟ ಪದ ‘ಪ್ರೊಲೆಟೇರಿಯಸ್’. ‘ವಿಲನ್’ ಮೊದಲು ಜಮೀನಿನಲ್ಲಿ ದುಡಿಯುವ ಆಳು, ಆಮೇಲೆ ನೀಚ. ಸಂಸ್ಕೃತದ ಕಾವ್ಯಮೀಮಾಂಸೆಯಲ್ಲಿ ‘ಗ್ರಾಮ್ಯ’ ಒಂದು ದೋಷ. ಊರು ದೂರ ದೂರ, ಬುದ್ಧಿ ಒಂದೇ.

ಹೀಗೇ ಶಬ್ದಾರ್ಥದ ಪಟ್ಟಿಯಲ್ಲಿ ‘ಪರಾಯ’ ಬಂತು. ಗೈಡಿನ ಅರ್ಥ: ಬಹಿಷ್ಕೃತ. ಅಪ್ಪ ಹಲಗಿ ಬಾರಿಸುವ ಮನೆಯ ಹುಡುಗನೊಬ್ಬ, “ನಮ್ಮ ಕಡಿ ಪರಾಯಾ ಅಂದ್ರ ಬ್ಯಾರೇರು ಅಂತಲ್ರಿ” ಅಂದ. ಕಲಬುರಗಿಯ ದಖನಿ ಅವನ ಕಿವಿಯಲ್ಲಿದೆ, ಅವನ ಊಹೆ ಜಾಣ ಊಹೆಯೇ. ಎರಡೂ ಬೇರೆ ಪದಗಳು ಎಂದು ಹೇಳಬೇಕಾಯಿತು. ಇಂಗ್ಲಿಷಿನ ಪರಾಯ ತಮಿಳಿನ ಪರೈಯರ್ ಸಮುದಾಯದ ಹೆಸರು. ಪರೈ ಅಂದರೆ ತಮಟೆ, ಹಲಗಿ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ ಎಲ್ಲ ಬಹಿಷ್ಕೃತರಿಗೂ, ಬೀದಿನಾಯಿಗೂ ಹೆಸರಾಯಿತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದು ನಮ್ಮ ಹೆಸರೇ ಆತಲ್ರಿ” ಅಂದ. ಪರೀಕ್ಷೆಯಲ್ಲಿ ಏನು ಬರೆಯಲಿ ಎಂದೂ ಕೇಳಿದ. ಬಹಿಷ್ಕೃತ ಎಂದು ಬರೆ, ಮಾರ್ಕು ಬರುತ್ತದೆ ಅಂದೆ. ಈ ಹುಡುಗರಿಗೆ ಪಾಸಾಗುವುದು ತಮಾಷೆಯಲ್ಲ. ಒಂದು ವಿಷಯ ಉಳಿದರೆ ಮನೆಯವರು ಓದು ಬಿಡಿಸಿ ಕೂಲಿಗೆ ಕಳಿಸಿಯಾರು. ಹೆಸರಿನ ಕತೆಯನ್ನು ಅವನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ದಲಿತ ವಿಮರ್ಶೆ ಸದ್ಯಕ್ಕೆ ಅಂಥ ಹಿಂದಿನ ಹಾಳೆಗಳಲ್ಲೇ ಇದೆ.

ಕನ್ನಡದಲ್ಲಿ ನಮ್ಮದೇ ಒಂದು ಪರಿಭಾಷೆ ಸಿಕ್ಕಿದ್ದು ತರಗತಿಯ ಹೊರಗೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಇಂಗ್ಲಿಷ್ ಕಲಿಯಿರಿ ಎಂಬುದೂ ಆ ಮಾತಿನ ಜೊತೆಗೇ ಇತ್ತು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಅವರು ಮಂತ್ರಿಗಿರಿ ಬಿಟ್ಟರು. ಇವತ್ತಿಗೂ ಅದನ್ನು ಒಂದು ‘ಪ್ರಕರಣ’ ಎಂದೇ ಓದುತ್ತೇವೆ. ಕೃತಿಯೊಂದು ಯಾರ ಹಸಿವಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಕೇಳುವ ವಿಮರ್ಶೆಯ ಪದವಾಗಿ ಓದಿದ್ದು ಕಡಿಮೆ. ನಂದೂರಿನ ಪಟ್ಟಿಗೆ ನಾನು ಅದನ್ನೂ ಸೇರಿಸಿದೆ, ಎರಡು ಸಾಲಿನ ಅರ್ಥ ನೀವೇ ಬರೆಯಿರಿ ಅಂದೆ. ಆಯಿಯ ಹಾಡಿನ ಹುಡುಗಿ ಮೊದಲಿಗೇ ತಕರಾರು ತೆಗೆದಳು: “ಬೂಸಾ ಕೆಟ್ಟದ್ದು ಅಂತ ಹ್ಯಾಂಗ ಬರೀಲ್ರಿ ಸರ್? ನಮ್ಮ ಎಮ್ಮಿ ಅದನ್ನೇ ತಿಂದು ಹಾಲು ಕೊಡ್ತದ.” ಕಮಲಾಪುರದವರಿಬ್ಬರು ಅವಳ ಮಾತು ಒಪ್ಪಲಿಲ್ಲ. ವಾದ ಎರಡು ಸಂಜೆ ನಡೆಯಿತು, ಆ ಪದದ ಅರ್ಥದ ಜಾಗ ಇನ್ನೂ ಖಾಲಿ ಇದೆ.